ಮಟ್ಟಣ್ಣನ ಬಿಸಿನೀರಿನ ಬುಗ್ಗೆ

ನೀರು ತಗ್ಗಿನ ಕಡೆಗೆ ಹರಿಯುತ್ತದೆ ಎಂಬುದು ಎಮ್ಮೆಗೂ ಗೊತ್ತು. ಮಟ್ಟಣ್ಣನಿಗೂ ಗೊತ್ತಿತ್ತು. ಆದರೆ ಎಮ್ಮೆಯ ಬಳಿ ರಸಮಟ್ಟ ಇರುವುದಿಲ್ಲ, ಮಟ್ಟಣ್ಣನ ಜೇಬಿನಲ್ಲಿ ಸದಾ ಇರುತ್ತಿತ್ತು. ಆದದ್ದೆಲ್ಲ ಅದರಿಂದಲೇ.

ಮಟ್ಟಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪಟಗಳಿಗೆ ಚೌಕಟ್ಟು ಹಾಕುವ ಅಂಗಡಿ ಅವನದು. ಚೌಕಟ್ಟು ಹಾಕಿಕೊಟ್ಟು ಸುಮ್ಮನಾಗುವ ಜಾಯಮಾನವಲ್ಲ. ಗಿರಾಕಿಯ ಮನೆಗೇ ಹೋಗಿ, ಮೊಳೆ ಹೊಡೆದು, ಪಟ ತೂಗುಹಾಕಿ, ಅದರ ನೆತ್ತಿಯ ಮೇಲೆ ಗೇಣುದ್ದದ ರಸಮಟ್ಟ ಇಟ್ಟು, ಗಾಜಿನ ಕೊಳವೆಯೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತ ಮೇಲೆಯೇ ಏಣಿಯಿಂದ ಇಳಿಯುತ್ತಿದ್ದ. ಯಾರ ಮನೆಗೆ ಹೋದರೂ ಕುಶಲ ಕೇಳುವ ಮೊದಲು ಗೋಡೆ ನೋಡುತ್ತಿದ್ದ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವನು, ‘ನಿಮ್ಮ ಸರ್ಟಿಫಿಕೇಟು ಎಡಕ್ಕೆ ವಾಲಿದೆ ಡಾಕ್ಟ್ರೇ’ ಎಂದು ಹೇಳಲು ಹೋಗಿ ನಾಲಿಗೆ ಕೊಯ್ಯಿಸಿಕೊಂಡಿದ್ದ.

ಕಸುಬಿನಲ್ಲಿ ಅವನಿಗೊಂದು ಸೂತ್ರವಿತ್ತು. ಪಟ ವಾಲಿದ್ದರೆ ಎತ್ತರವಾದ ಬದಿಯನ್ನು ಇಳಿಸಬೇಕು, ತಗ್ಗಿದ ಬದಿಯನ್ನು ಎತ್ತಬಾರದು. ಎತ್ತಲು ಹೋದರೆ ದಾರ ಬಿಗಿದು ಮೊಳೆ ಕಿತ್ತು ಬರುತ್ತದೆ. ‘ಏರಿದ್ದನ್ನ ಇಳಿಸು, ಲೋಕವೇ ಸಮ’ ಎಂದು ಅವನು ಹೇಳುವಾಗ ಕೇಳಿದವರಿಗೆ ಇದ್ಯಾವುದೋ ವೇದಾಂತ ಅನ್ನಿಸುತ್ತಿತ್ತು. ಗೋಡೆಯ ಮಟ್ಟಿಗೆ ಅದು ಸರಿಯೇ.

ಇಂಥವನು ಹಳೆಯದೊಂದು ಗಾಡಿಮನೆ ಕೊಂಡ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಚಕ್ರವಿರುವ ಪುಟ್ಟ ಮನೆ. ಒಳಗೆ ಮಂಚಗಳು, ಒಂದು ಸ್ಟವ್, ಸಿಂಕು, ಬೀರುವಿನಷ್ಟು ಅಗಲದ ಬಚ್ಚಲು. ಕೊಂಡದ್ದಕ್ಕೆ ಕಾರಣ ಹೆಂಡತಿ. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಅವರ ಸಂಸಾರ. ಅಲ್ಲಿ ಪಾತ್ರೆ ತೊಳೆಯುವ ಕಡೆ ಒಂದು ಕಿಟಕಿ, ಕಿಟಕಿಯಾಚೆ ಕೈ ಚಾಚಿದರೆ ತಾಗುವ ಪಕ್ಕದ ಮನೆಯ ಗೋಡೆ. ಮದುವೆಯಾದ ಹೊಸದರಲ್ಲಿ ಅವಳು, “ಈ ಗೋಡೆ ನೋಡ್ಕೊಂಡೇ ನಾನು ಮುದುಕಿ ಆಗ್ಬೇಕಾ?” ಎಂದು ಕೇಳಿದ್ದಳು. ಆಮೇಲೆ ಕೇಳಲಿಲ್ಲ. ಕೇಳುವುದನ್ನು ಬಿಟ್ಟಳಲ್ಲ ಎಂಬುದೇ ಮಟ್ಟಣ್ಣನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಗಾಡಿಮನೆಯ ಸಿಂಕಿನ ಮೇಲೆ ಅಗಲವಾದ ಕಿಟಕಿ ಇತ್ತು. ಮನೆಯನ್ನು ಎಲ್ಲಿ ನಿಲ್ಲಿಸಿದರೆ ಅಲ್ಲಿಯ ಕೆರೆ, ಅಲ್ಲಿಯ ಗುಡ್ಡ ಅದರೊಳಗೆ ಬಂದು ಕೂರುತ್ತಿದ್ದವು.

ಹೆಂಡತಿಗೆ ಸಂತೋಷವಾಯಿತೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ಅವಳು ಹಾಕಿದ್ದು ಒಂದೇ ಷರತ್ತು. “ಮೊದಲ್ನೇ ಸಲ ನಮ್ಮಪ್ಪನ್ನೂ ತಂಗಿ ಗಂಡನ್ನೂ ಕರ್ಕೊಂಡು ಹೋಗೋಣ. ಅವರ ಮುಂದೆ ನನ್ನ ಮಾನ ಹೋಗೋ ಅಂಥದ್ದು ಏನಾದ್ರೂ ಆದ್ರೆ ಇದನ್ನ ಮಾರಿಬಿಡ್ಬೇಕು. ಆಮೇಲೆ ರಾಗ ಎಳೆಯೋ ಹಾಗಿಲ್ಲ.”

ಮಟ್ಟಣ್ಣ ಒಪ್ಪಿದ. ಒಪ್ಪದೆ ಏನು ಮಾಡಿಯಾನು?

ತಂಗಿಯ ಗಂಡ, ಅಂದರೆ ಮಟ್ಟಣ್ಣನ ಷಡ್ಡಕ, ಹಳೆಯ ವಾಹನಗಳ ದಲ್ಲಾಳಿ. ಗಾಡಿಮನೆಯನ್ನು ತನ್ನ ಕೈಯಿಂದ ಕೊಳ್ಳಲಿಲ್ಲವೆಂದು ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡಿದ್ದ. ಷರತ್ತಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹೊರಡುವ ಮೊದಲೇ ಗಿರಾಕಿಯನ್ನು ಹುಡುಕಿಟ್ಟ. “ಒಬ್ರು ಕೋಳಿ ಫಾರಂನವರು ಇದ್ದಾರೆ ಅಣ್ಣಾ. ಆ ಕೆರೆ ಪಕ್ಕದಲ್ಲೇ ಅವರ ಫಾರಂ. ಒಳಗಿರೋದನ್ನೆಲ್ಲ ಕಿತ್ತು ಬಿಸಾಕಿದ್ರೆ ಕೋಳಿಗಳು ಆರಾಮಾಗಿ ಮಲಗ್ತವಂತೆ” ಎಂದ. ತಂಗಿಗೆ ರಜೆ ಸಿಗದೆ ಅವಳು ಬರಲಿಲ್ಲ. ಷಡ್ಡಕ ಮಾತ್ರ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಬಂದ.

ಕೆರೆದಂಡೆಯಲ್ಲಿ ಗಾಡಿಮನೆಗಳಿಗೆಂದೇ ಒಂದು ಮೈದಾನ. ಅದರ ಮೇಲ್ವಿಚಾರಕ ಕತ್ತಿಗೆ ಸೀಟಿ ಕಟ್ಟಿಕೊಂಡು ಬಂದು ನಿಯಮ ಒಪ್ಪಿಸಿದ. “ಕಕ್ಕಸು ಆ ಮೂಲೇಲಿ, ಎಲ್ಲರಿಗೂ ಅದೇ. ನಿಮ್ಮ ಸ್ನಾನದ್ದು, ಪಾತ್ರೆ ತೊಳೆದದ್ದು ಎಲ್ಲ ಕೊಳೆನೀರು ನಿಮ್ಮ ಗಾಡಿ ಕೆಳಗಿನ ಟ್ಯಾಂಕಿಗೆ ಹೋಗುತ್ತಲ್ಲ, ಅಲ್ಲಿಂದ ಪೈಪು ಹಾಕಿ ಈ ಚರಂಡಿ ಬಾಯಿಗೆ ಬಿಡ್ಬೇಕು. ಒಂದು ತೊಟ್ಟು ನೆಲಕ್ಕೆ ಬಿದ್ರೆ ಸೀಟಿ ಊದ್ತೀನಿ. ಊದಿದ ಮೇಲೆ ನೀವು ಇಲ್ಲಿ ಇರಲ್ಲ.”

ಅವರಿಗೆ ಸಿಕ್ಕ ಜಾಗ ಇಳಿಜಾರು. ಚರಂಡಿ ಬಾಯಿ ಇದ್ದ ಎಡಬದಿ ಎತ್ತರ, ಬಲಬದಿ ತಗ್ಗು. ಪಕ್ಕದ ಗಾಡಿಮನೆಯಲ್ಲಿದ್ದ ನಿವೃತ್ತ ನರ್ಸಮ್ಮ ಕೈಯಲ್ಲಿ ಹಲಗೆ ಹಿಡಿದೇ ಬಂದರು. “ತಗ್ಗಿರೋ ಚಕ್ರದ ಕೆಳಗೆ ಈ ಹಲಗೆ ಹಾಕಿ. ಎಲ್ಲರೂ ಹಾಗೇ ಮಾಡೋದು.”

ಎಲ್ಲರೂ ಹಾಗೇ ಮಾಡುತ್ತಾರೆ ಎಂಬ ಮಾತು ಸಾಕಾಯಿತು ಮಟ್ಟಣ್ಣನಿಗೆ. “ಏರಿದ್ದನ್ನ ಇಳಿಸಬೇಕಮ್ಮ, ತಗ್ಗಿದ್ದನ್ನ ಎತ್ತಬಾರದು” ಎಂದವನೇ ಸಲಿಕೆ ಹಿಡಿದ. ಎಡಗಡೆ ಎರಡು ಗುಂಡಿ ತೋಡಿ ಚಕ್ರಗಳನ್ನು ಅದರೊಳಗೆ ಇಳಿಸಿದ. ಗಾಡಿಮನೆ ಮೊಣಕಾಲು ಮಡಿಸಿ ಕೂತ ಎತ್ತಿನಂತೆ ಕುಸಿದು ಕೂತಿತು. ತೆಗೆದ ಮಣ್ಣನ್ನೂ ದಂಡ ಮಾಡಲಿಲ್ಲ. ಗಾಡಿಗೂ ಚರಂಡಿ ಬಾಯಿಗೂ ನಡುವೆ ಒಂದು ಕಟ್ಟೆ ಕಟ್ಟಿ, ಸಲಿಕೆಯ ಬೆನ್ನಿನಿಂದ ತಟ್ಟಿ, ಪೈಪನ್ನು ಅದರ ಮೇಲೆ ಮಲಗಿಸಿದ. ಪೈಪು ಜೋತುಬಿದ್ದರೆ ನೋಡಲು ಚೆನ್ನಾಗಿರುವುದಿಲ್ಲವಲ್ಲ! ನೆಲದ ಮೇಲೆ ರಸಮಟ್ಟ ಇಟ್ಟ, ಗುಳ್ಳೆ ನಡುವೆ. ಸಿಂಕಿನ ಮೇಲೆ ಇಟ್ಟ, ನಡುವೆ. ಕಟ್ಟೆಯ ಮೇಲೆ ಇಟ್ಟ, ಅಲ್ಲೂ ನಡುವೆ. ಇಡೀ ಮೈದಾನದಲ್ಲಿ ಅಷ್ಟು ಸಮವಾದ ಮನೆ ಇನ್ನೊಂದಿರಲಿಲ್ಲ. ಎಲ್ಲವೂ ಸಮವಾದಲ್ಲಿ ನೀರು ಪಾಪ ಯಾವ ಕಡೆಗೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಇನ್ನು ಟ್ಯಾಂಕಿನ ವಾಲ್ವ್. ಆ ಗಾಡಿಮನೆಯನ್ನು ಮಾಡಿದ ಪುಣ್ಯಾತ್ಮ ಅದನ್ನು ಮನುಷ್ಯರ ಕೈಗೆ ಸಿಗದಂತೆ ಗಾಡಿಯ ಹೊಟ್ಟೆಯಡಿ, ಚಕ್ರದ ಹಿಂದೆ, ಕಬ್ಬಿಣದ ಪಟ್ಟಿಯೊಂದರ ಮರೆಯಲ್ಲಿ ಇಟ್ಟಿದ್ದ. ಮಟ್ಟಣ್ಣ ಹೊಟ್ಟೆಯ ಮೇಲೆ ತೆವಳಿ, ಕೆನ್ನೆಯನ್ನು ಮಣ್ಣಿಗೆ ಒತ್ತಿ, ಒಂದು ಕೈಯನ್ನು ತನಗೇ ಕಾಣದ ಜಾಗಕ್ಕೆ ತೂರಿಸಿ ಹಿಡಿಯನ್ನು ಎಳೆದ. ಪೈಪಿನಲ್ಲಿ ಗುಳುಗುಳು ಎಂದಿತು. ಅದು ನೀರು ಪೈಪಿನ ಬುಡಕ್ಕೆ ಬಂದು, ಎದುರಿಗೆ ಏರಿ ನೋಡಿ, ಅಲ್ಲೇ ಕೂತ ಸದ್ದು. ಮಟ್ಟಣ್ಣನಿಗೆ ಚಪ್ಪಾಳೆಯಂತೆ ಕೇಳಿಸಿತು. ಮೈ ಕೊಡವಿಕೊಂಡು ಎದ್ದು ಎಲ್ಲರ ಮುಂದೆ ಸಾರಿದ: “ಹೋಗೋ ನೀರೆಲ್ಲ ಹೋಗ್ತಿದೆ. ಇನ್ನು ಈ ವಿಷಯ ಯಾರೂ ಎತ್ತೋ ಹಾಗಿಲ್ಲ.”

ಖಾಲಿ ಟ್ಯಾಂಕು ಅಂದು ಅವನ ಮಾನ ಕಾಪಾಡಿತು. ಸಂಜೆಯವರೆಗೂ ಎಲ್ಲರೂ ಮಿಂದರು, ಪಾತ್ರೆ ತೊಳೆದರು. ಟ್ಯಾಂಕು ಸದ್ದಿಲ್ಲದೆ ಕುಡಿಯುತ್ತ ಹೋಯಿತು.

ಮಾರನೆಯ ಬೆಳಗ್ಗೆ ಮಾವ ಬಚ್ಚಲಿಗೆ ಹೋದರು. ಮಾವ ಎಂದರೆ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿ ನಿವೃತ್ತರಾದವರು, ಮಂಡಿನೋವಿನವರು. ನೋವು ಎಷ್ಟೆಂದರೆ ಗಾಡಿಮನೆಯ ಪುಟ್ಟ ಮೆಟ್ಟಿಲು ಹತ್ತಲು ಅಳಿಯಂದಿರಿಬ್ಬರೂ ಆಚೆಗೊಬ್ಬ ಈಚೆಗೊಬ್ಬ ನಿಲ್ಲಬೇಕಿತ್ತು. ಅತ್ತ ಮಗಳು ಸಿಂಕಿನಲ್ಲಿ ಬಿಸಿನೀರು ಬಿಟ್ಟು ಪಾತ್ರೆ ತೊಳೆಯುತ್ತಿದ್ದಳು. ತುಸು ಹೊತ್ತಿಗೆ ಬಚ್ಚಲಿನಿಂದ ಕೂಗು ಬಂತು.

“ಅಳಿಯಂದಿರೇ! ಬನ್ನಿ ಇಲ್ಲಿ! ನೀರು ಬರ್ತಾ ಇದೆ!”

“ನಲ್ಲಿ ತಿರುಗಿಸಿದ್ರೆ ಬರುತ್ತೆ ಮಾವ” ಎಂದ ಮಟ್ಟಣ್ಣ ಹೊರಗಿನಿಂದಲೇ.

“ನಲ್ಲಿ ಮುಟ್ಟೇ ಇಲ್ಲ ನಾನು! ಕೆಳಗಿಂದ ಬರ್ತಿದೆ, ಬಿಸಿಬಿಸಿಯಾಗಿ!”

ಮಟ್ಟಣ್ಣ ಓಡಿ ಹೋಗಿ ನೋಡಿದ. ಬಚ್ಚಲಿನ ತಟ್ಟೆಯಲ್ಲಿ, ನೀರು ಹೋಗಬೇಕಾದ ತೂತಿನಿಂದ ನೀರು ಉಕ್ಕಿ, ಮಾವನ ಪಾದ ಮುಳುಗಿಸಿ, ಕಣಕಾಲಿನ ಸುತ್ತ ಸುತ್ತುತ್ತಿತ್ತು. ತೆಳ್ಳಗೆ ಹಬೆಯೂ ಆಡುತ್ತಿತ್ತು. ಮಾವ ಟವೆಲು ಸುತ್ತಿಕೊಂಡು ಹಿಂದೆ ಕರಿಹಲಗೆಯ ಮುಂದೆ ನಿಲ್ಲುತ್ತಿದ್ದ ಭಂಗಿಯಲ್ಲೇ ನಿಂತಿದ್ದರು.

“ದತ್ತ ಒಂದು” ಎಂದು ಬೆರಳು ಮಡಿಸಿದರು. “ಕೊಳೆನೀರೆಲ್ಲ ಚರಂಡಿಗೆ ಹೋಗಿದೆ. ನೀವೇ ನಿನ್ನೆ ಹೇಳಿದ್ರಿ. ಹೌದೋ ಅಲ್ವೋ?”

ಇಲ್ಲಿ ಮಟ್ಟಣ್ಣ ಒಂದು ಮಾತು ಆಡಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಿಟಕಿಯಾಚೆ ಷಡ್ಡಕ ಬಾಯಲ್ಲಿ ಬ್ರಷ್ಷು, ಕೈಯಲ್ಲಿ ಫೋನು ಹಿಡಿದು ಕಿವಿ ನಿಮಿರಿಸಿ ನಿಂತಿದ್ದ.

“ಹೌದು ಮಾವ.”

“ದತ್ತ ಎರಡು, ಆದರೂ ಕೆಳಗಿಂದ ನೀರು ಬರ್ತಿದೆ, ಬಿಸಿಯಾಗಿದೆ. ದತ್ತ ಮೂರು, ನಿನ್ನೆ ನೀವು ಇದೇ ಜಾಗದಲ್ಲಿ ನೆಲ ಅಗೆದಿದ್ದೀರಿ. ಆದ್ದರಿಂದ ನೀವು ಒಂದು ಬಿಸಿನೀರಿನ ಬುಗ್ಗೆಯ ಬಾಯಿ ತೆರೆದಿದ್ದೀರಿ. ಸಾಧಿಸಿದೆ!”

“ಬುಗ್ಗೆ ನೀರು ಗಾಡಿಯೊಳಗೆ ಹೇಗೆ...”

“ಒತ್ತಡ, ಅಳಿಯಂದಿರೇ. ಒತ್ತಡ.”

“ಇರಬಹುದು” ಎಂದ ಮಟ್ಟಣ್ಣ. ಈ ‘ಇರಬಹುದು’ ಎಂಬ ಮಾತಿನಿಂದ ಲೋಕದಲ್ಲಿ ಎಷ್ಟು ಮನೆ ಮುಳುಗಿವೆಯೋ ಲೆಕ್ಕವಿಲ್ಲ. ಈ ಮನೆಯಂತೂ ಆಗಲೇ ಕಣಕಾಲಿನವರೆಗೆ ಮುಳುಗಿತ್ತು.

ಮಾವ ಬಿಸಿನೀರಿನಲ್ಲಿ ಮನಸಾರೆ ನಿಂತರು. ಆಮೇಲೆ ಹೊರಗೆ ಬಂದು, ಯಾರ ಕೈಯನ್ನೂ ಹಿಡಿಯದೆ, ಮೆಟ್ಟಿಲಿಳಿದರು. ಇಳಿದ ಮೇಲೆ ತಾನೇ ಇಳಿದೆನೆಂದು ಗೊತ್ತಾಗಿ ಮತ್ತೆ ಹತ್ತಿ ಇಳಿದರು. ಅದನ್ನು ನರ್ಸಮ್ಮ ನೋಡಿದರು. ನರ್ಸಮ್ಮ ನೋಡಿದ ಮೇಲೆ ಮೈದಾನದಲ್ಲಿ ಇನ್ನಾರೂ ಬೇರೆ ನೋಡಬೇಕಾಗಿರಲಿಲ್ಲ.

“ಜೀವಮಾನವೆಲ್ಲ ರೋಗಿಗಳ ಮಧ್ಯೆ ಕಳೆದವಳು ನಾನು, ಸುಮ್ಮಸುಮ್ಮನೆ ಮಾತಾಡಲ್ಲ. ನಿನ್ನೆ ಈ ಯಜಮಾನ್ರನ್ನ ಇಬ್ಬರು ಎತ್ಕೊಂಡು ಹೋಗಿದ್ದು ಕಣ್ಣಾರೆ ಕಂಡಿದ್ದೀನಿ. ಇವತ್ತು ನೋಡಿ, ಜಿಂಕೆ!” ಎಂದು ಅವರು ಗಾಡಿಯಿಂದ ಗಾಡಿಗೆ ಹೇಳಿಕೊಂಡು ಬಂದರು. ಬಂದವರೇ ಮೊದಲು ತಮ್ಮ ಕಾಲನ್ನೇ ಬುಗ್ಗೆಯಲ್ಲಿ ಇಳಿಬಿಟ್ಟರು. ಹೊತ್ತು ಏರುವ ಮೊದಲೇ ಗಾಡಿಮನೆಯ ಮುಂದೆ ಹೆಗಲ ಮೇಲೆ ಟವೆಲು ಹಾಕಿಕೊಂಡವರ ಸಾಲು ಬೆಳೆಯಿತು. ಮಂಡಿಯವರು, ಸೊಂಟದವರು, ಹಿಮ್ಮಡಿ ಒಡೆದವರು, ಏನೂ ಇಲ್ಲದಿದ್ದರೂ ಸಾಲು ಕಂಡರೆ ಬಿಡದವರು.

ಮನೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೆಂಡತಿಗೆ ಗೊತ್ತಿಲ್ಲ. ಎಲ್ಲರಿಗೂ ಟೀ ಕೊಟ್ಟಳು. ಲೋಟಗಳು ಕಡಿಮೆ, ಜನ ಜಾಸ್ತಿ, ಹಾಗಾಗಿ ಕುಡಿದಿಟ್ಟ ಲೋಟವನ್ನು ಬಿಸಿನೀರಿನಲ್ಲಿ ತೊಳೆದು ಮತ್ತೊಬ್ಬರಿಗೆ ಕೊಡಬೇಕು. ಒಳಗೆ ಲೋಟ ತೊಳೆದಷ್ಟೂ ಬಚ್ಚಲಿನಲ್ಲಿ ಬುಗ್ಗೆ ಉಕ್ಕಿತು. ಬುಗ್ಗೆ ಉಕ್ಕಿದಷ್ಟೂ ಜನ ಬಂದರು. ಜನ ಬಂದಷ್ಟೂ ಟೀ, ಟೀ ಆದಷ್ಟೂ ಲೋಟ. ಟೀ ಕುಡಿದ ಸ್ವಲ್ಪ ಹೊತ್ತಿಗೆ ಬುಗ್ಗೆಗೆ ರಭಸ ಬರುತ್ತದೆ ಎಂಬುದನ್ನು ಮಾವ ಗಮನಿಸಿ, “ಇದಕ್ಕೂ ಒಂದು ಪ್ರಮೇಯ ಇರಲೇಬೇಕು” ಎಂದು ಗಲ್ಲ ತುರಿಸಿಕೊಂಡರು.

ಸಾಲಿನ ಕೊನೆಯಲ್ಲಿದ್ದ ಗಾಡಿಮನೆಯಲ್ಲಿ ಅಂತರ್ಜಲ ಇಲಾಖೆಯ ಅಧಿಕಾರಿಯೊಬ್ಬರು ರಜೆಗೆ ಬಂದು ಚಡ್ಡಿಯಲ್ಲಿ ಮಲಗಿದ್ದರು. ಸುದ್ದಿ ತಲುಪಿದೊಡನೆ ಪ್ಯಾಂಟು ಹಾಕಿಕೊಂಡರು. ಪ್ಯಾಂಟು ಹಾಕಿದ ಮೇಲೆ ಅವರು ಇಲಾಖೆಯೇ ಆಗಿಬಿಟ್ಟರು. ಮೇಲ್ವಿಚಾರಕನನ್ನು ಹಿಂದಿಟ್ಟುಕೊಂಡು ಬಂದು, ಬಾಟಲಿಯಲ್ಲಿ ಬುಗ್ಗೆಯ ನೀರು ತುಂಬಿ, ಬಿಸಿಲಿಗೆ ಹಿಡಿದರು.

“ನೊರೆ ಇದೆ” ಎಂದರು. “ಭೂಗರ್ಭದ ಅನಿಲ.”

“ನಿಂಬೆಹಣ್ಣಿನ ವಾಸನೆ ಬರ್ತಿದೆ ಸಾರ್” ಎಂದ ಮೇಲ್ವಿಚಾರಕ.

“ಬರಬೇಕು. ಖನಿಜ.”

“ತಳದಲ್ಲಿ ಏನೋ ಕರಿ ಚೂರು...”

ಅಧಿಕಾರಿ ಬಾಟಲಿಯನ್ನು ಮೂಗಿನ ಹತ್ತಿರ ತಂದು, ಕಣ್ಣು ಕಿರಿದು ಮಾಡಿ, ದನಿ ತಗ್ಗಿಸಿದರು. “ಕಲ್ಲಿದ್ದಲು. ಕೆಳಗೆ ದೊಡ್ಡ ಪದರವೇ ಇದ್ದ ಹಾಗಿದೆ. ಯಾರಿಗೂ ಹೇಳಬೇಡಿ.”

ಕಲ್ಲಿದ್ದಲು ಎಂಬ ಮಾತು ಕ್ಷಣದಲ್ಲಿ ಸಾಲಿನ ತುದಿ ಮುಟ್ಟಿತು. ಮಟ್ಟಣ್ಣ ಮಾತ್ರ ಬಾಟಲಿಯನ್ನು ನೋಡಿ ಬೆವೆತ. ಆ ಕರಿ ಚೂರು ಅವನಿಗೆ ಚಿರಪರಿಚಿತ. ಅದು ಬೆಳಗಿನ ಟೀಯ ಚರಟ. ನಿಂಬೆಯ ವಾಸನೆ ಪಾತ್ರೆ ಸೋಪಿನದು.

ಅಧಿಕಾರಿ ತೀರ್ಪು ಕೊಟ್ಟರು. “ಈ ಜಾಗ ಸಂಜೆಯೊಳಗೆ ಖಾಲಿ ಆಗ್ಬೇಕು. ಗಾಡಿ ತೆಗೆದು ಬೇಲಿ ಹಾಕಿಸಿ, ಅಗೆಸಿ ನೋಡ್ಬೇಕು.”

“ಕೇಳಿದ್ರಲ್ಲ, ತೆಗೀರಿ” ಎಂದ ಮೇಲ್ವಿಚಾರಕ, ಸೀಟಿಯನ್ನು ತುಟಿಯ ಹತ್ತಿರಕ್ಕೆ ತಂದು.

ಷಡ್ಡಕನ ಮುಖ ಅರಳಿತು. “ಅಕ್ಕಾ, ಗಾಡಿ ಗುಂಡಿಯೊಳಗೆ ಕೂತಿದೆ, ನಮ್ಮ ಕಾರಿಗೆ ಜಗ್ಗಲ್ಲ. ಕೋಳಿಯವರ ಹತ್ರ ಟ್ರ್ಯಾಕ್ಟರ್ ಇದೆ. ಅವರೇ ಬಂದು ಎಳ್ಕೊಂಡು ಹಾಗೇ ಮನೆಗೆ ತಗೊಂಡು ಹೋಗ್ಲಿ. ಒಂದೇ ಖರ್ಚು. ಫೋನ್ ಮಾಡ್ಲಾ?”

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ. ಷಡ್ಡಕ ಅದನ್ನೇ ಒಪ್ಪಿಗೆ ಎಂದುಕೊಂಡು ಫೋನು ಒತ್ತಿದ.

ಅತ್ತ ದರಿ, ಇತ್ತ ಪುಲಿ. ಇದು ಬುಗ್ಗೆ ಎಂದರೆ ಗಾಡಿಮನೆ ಕೋಳಿಯ ಪಾಲು. ಅಲ್ಲ, ಇದು ನಮ್ಮ ಮನೆಯ ಕೊಳೆನೀರು, ಇಷ್ಟು ಹೊತ್ತು ನೀವೆಲ್ಲ ಕಾಲು ನೆನೆಸಿದ್ದು ನಮ್ಮ ಮುಸುರೆಯಲ್ಲಿ ಎಂದರೆ, ಊರವರ ಮುಂದೆ, ಅಪ್ಪನ ಮುಂದೆ ಹೆಂಡತಿಯ ಮಾನ ಹೋಯಿತು. ಷರತ್ತಿನ ಪ್ರಕಾರ ಆಗಲೂ ಕೋಳಿಯ ಪಾಲೇ. ಮಟ್ಟಣ್ಣ ಯೋಚನೆ ಮಾಡಲೆಂದು, ನಿಜ ಹೇಳಬೇಕೆಂದರೆ ಮುಖ ಮರೆಸಿಕೊಳ್ಳಲೆಂದು, ಗಾಡಿಯಡಿಗೆ ತೆವಳಿದ.

ಅಲ್ಲಿ ಮಲಗಿ ಉಸಿರುಬಿಟ್ಟಾಗ ಜೇಬಿನ ರಸಮಟ್ಟ ಜಾರಿ ಪೈಪಿನ ಮೇಲೆ ಬಿತ್ತು. ಗಾಡಿಯಿಂದ ಹೊರಟು ಮಣ್ಣಿನ ಕಟ್ಟೆಯನ್ನು ಹತ್ತುವ ಕಡೆ ಪೈಪಿಗೆ ಆತುಕೊಂಡು ನಿಂತಿತು. ಗುಳ್ಳೆ ಸರ್ರನೆ ಚರಂಡಿಯ ದಿಕ್ಕಿಗೆ ಓಡಿ ಕೊನೆಗೆ ಅಂಟಿಕೊಂಡಿತು. ಗುಳ್ಳೆ ಯಾವಾಗಲೂ ಎತ್ತರದ ಕಡೆಗೆ ಓಡುತ್ತದೆ. ಹಾಗಾದರೆ ಎತ್ತರ ಅತ್ತ, ತಗ್ಗು ಇತ್ತ. ಅವನ ಕೊಳೆನೀರು ಚರಂಡಿಗೆ ಹೋಗಬೇಕಾದರೆ ಗುಡ್ಡ ಹತ್ತಬೇಕು! ಹತ್ತಲಾರದೆ ಟ್ಯಾಂಕು ತುಂಬಿ, ಎಲ್ಲಕ್ಕಿಂತ ತಗ್ಗಿನಲ್ಲಿದ್ದ ಬಚ್ಚಲಿನ ತೂತಿನಿಂದ ಉಕ್ಕಿತ್ತು. ನಿನ್ನೆ ಮೂರು ಕಡೆ ರಸಮಟ್ಟ ಇಟ್ಟವನು ಇಡಬೇಕಾದ ಒಂದು ಕಡೆ ಇಟ್ಟಿರಲಿಲ್ಲ. ಪಟಕ್ಕೆ ಹೇಳಿದ ಬುದ್ಧಿಯನ್ನು ಚಕ್ರಕ್ಕೆ ಹೇಳಿದ್ದ. ಗಾಡಿಯನ್ನು ತಾನೇ ಹೂತು, ಮಣ್ಣನ್ನು ತಾನೇ ಏರಿಸಿ, ನೀರಿನ ದಾರಿಗೆ ತಾನೇ ಬೆಟ್ಟ ಕಟ್ಟಿದ್ದ.

“ರೀ, ಕೆಳಗೇನ್ರೀ ಮಾಡ್ತಿದ್ದೀರಿ?” ಹೆಂಡತಿ ಬಗ್ಗಿ ನೋಡಿದಳು. ಅವಳ ಮುಖ ತಲೆಕೆಳಗಾಗಿ ಕಾಣಿಸಿತು.

ಮಟ್ಟಣ್ಣ ಬಚ್ಚಿಡಲಿಲ್ಲ. ಮಲಗಿದಲ್ಲಿಂದಲೇ ಎಲ್ಲ ಹೇಳಿದ.

“ಅಂದ್ರೆ ನಮ್ಮಪ್ಪ ನಿಂತಿದ್ದು...”

“ಹೂಂ.”

“ನರ್ಸಮ್ಮ?”

“ಅವರೂ.”

“ಆ ಆಫೀಸರ ಬಾಟ್ಲಿ?”

“ನಮ್ಮ ಟೀ.”

ಅವಳು ಬಾಯಿಗೆ ಕೈ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಮಟ್ಟಣ್ಣ ಗಾಬರಿಯಾದ. ಅವಳು ನಗುತ್ತಿದ್ದಳು. ನಕ್ಕು ನಕ್ಕು ಮಣ್ಣಿನಲ್ಲೇ ಕುಕ್ಕರಿಸಿದಳು. ನಗು ನಿಂತ ಮೇಲೆ ಬೇರೆ ದನಿಯಲ್ಲಿ ಹೇಳಿದಳು: “ನಿನ್ನೆ ಸಂಜೆ ಪಾತ್ರೆ ತೊಳೀತಾ ಇದ್ದೆ. ಕಿಟಕಿಯಾಚೆ ಕೆರೆಯೆಲ್ಲ ಕೆಂಪಗಾಗಿತ್ತು. ತೊಳೆದ ತಟ್ಟೇನೇ ಮತ್ತೆ ಮತ್ತೆ ತೊಳೆದೆ ರೀ. ಕೋಳಿಯವನು ಬರೋದ್ರೊಳಗೆ ಇದನ್ನ ಸರಿ ಮಾಡೋಕಾಗುತ್ತಾ?”

ಮಟ್ಟಣ್ಣನಿಗೆ ಇಷ್ಟು ವರ್ಷ ಕಾದ ಮಾತು ಗಾಡಿಯ ಹೊಟ್ಟೆಯಡಿ ಸಿಕ್ಕಿತ್ತು. “ಆಗುತ್ತೆ” ಎಂದ. “ಆದ್ರೆ ಗಾಡಿ ಗುಂಡಿಯಿಂದ ಮೇಲೆ ಬರ್ಬೇಕು. ಅದಕ್ಕೆ...”

ಅಷ್ಟರಲ್ಲಿ ದೂರದಿಂದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬರ್ಲಿ” ಎಂದ ಮಟ್ಟಣ್ಣ. “ಕೋಳಿಯಪ್ಪ ದೇವರ ಹಾಗೆ ಬರ್ಲಿ.” ಕೈ ತೂರಿಸಿ ವಾಲ್ವ್ ಮುಚ್ಚಿ, ಸಿಪಾಯಿಯಂತೆ ಎದ್ದು ಬಂದ.

ಕೋಳಿ ಫಾರಂನವನು ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಟ್ರ್ಯಾಕ್ಟರಿನಿಂದಿಳಿದು ಗಾಡಿಮನೆಯನ್ನು ಸುತ್ತು ಹಾಕಿ, ಕಿಟಕಿಗೆ ತಲೆಯಿಟ್ಟು ನೋಡಿ, “ಗಾಳಿ ಚೆನ್ನಾಗಿದೆ, ಮೊಟ್ಟೆ ಚೆನ್ನಾಗಿ ಇಡ್ತವೆ” ಎಂದ.

“ಮೊದಲು ಮೇಲಕ್ಕೆ ಎಳೀರಿ ಸ್ವಾಮಿ” ಎಂದ ಮಟ್ಟಣ್ಣ. “ಒಂದು ಮಾರು ಮುಂದಕ್ಕೆ ಬರ್ಲಿ, ಸಾಕು. ಮಾತು ಆಮೇಲೆ.”

“ಇದಪ್ಪ ಮಾತು ಅಂದ್ರೆ!” ಎಂದು ಷಡ್ಡಕ ಹಗ್ಗ ಕಟ್ಟಲು ತಾನೇ ಬಗ್ಗಿದ. ಸಾಲಿನಲ್ಲಿದ್ದವರೆಲ್ಲ ದೂರ ಸರಿದರು. ಮಾವ ಮಾತ್ರ ಒಳಗೆ ಬಚ್ಚಲಿನಲ್ಲಿ ನಿಂತವರು ಹೊರಗೆ ಬರಲೊಪ್ಪಲಿಲ್ಲ. “ಬೇಲಿ ಹಾಕಿದ ಮೇಲೆ ನಮ್ಮನ್ನ ಯಾರು ಒಳಗೆ ಬಿಡ್ತಾರೆ? ಕೊನೇ ಸಲ ಕಾಲು ನೆನೆಸ್ಕೋತೀನಿ. ನೀವು ಎಳೀರಿ!”

ಟ್ರ್ಯಾಕ್ಟರು ಹೊಗೆ ಕಾರಿತು. ಹಗ್ಗ ಸೆಟೆಯಿತು. ಗಾಡಿಮನೆ ಕೆಸರಿನಿಂದ ಏಳುವ ಕೋಣನಂತೆ ನರಳಿ, ಒಮ್ಮೆ ಹಿಂದಕ್ಕೆ ಕೂತು, ಮತ್ತೆ ಮುನ್ನುಗ್ಗಿ ಗುಂಡಿಯಿಂದ ಮೇಲೆ ಬಂತು. ಬಂದು ಬಲಕ್ಕೆ ವಾಲಿತು. ಒಳಗಿನಿಂದ, “ಭೂಕಂಪ!” ಎಂದು ಮಾವ ಕೂಗಿದರು.

“ನರ್ಸಮ್ಮಾ, ಹಲಗೆ!” ಎಂದ ಮಟ್ಟಣ್ಣ. ನರ್ಸಮ್ಮನಿಗೆ ಅರ್ಥವಾಗದಿದ್ದರೂ ಹಲಗೆ ಬಂತು. ಟ್ರ್ಯಾಕ್ಟರು ಇನ್ನಷ್ಟು ಎಳೆಯಿತು. ತಗ್ಗಿನ ಚಕ್ರಗಳು ಹಲಗೆ ಏರಿದವು. ಜೀವನದಲ್ಲಿ ಮೊದಲ ಸಲ ಮಟ್ಟಣ್ಣ ತಗ್ಗಿದ್ದನ್ನು ಎತ್ತಿದ್ದ. ಆಮೇಲೆ ಸಲಿಕೆ ಹಿಡಿದು, ತಾನೇ ಮುದ್ದಿನಿಂದ ಕಟ್ಟಿದ ಕಟ್ಟೆಯನ್ನು ಒಡೆದು ಗುಂಡಿಗಳಿಗೆ ತುಂಬತೊಡಗಿದ.

“ಏಯ್, ಏಯ್! ಬುಗ್ಗೆ ಬಾಯಿ ಮುಚ್ತಿದ್ದೀರಲ್ರೀ!” ಎಂದು ಅಧಿಕಾರಿ ಓಡಿಬಂದರು.

“ಬುಗ್ಗೆ ಎಲ್ಲಿದೆ ಅಂತ ಈಗ ತೋರಿಸ್ತೀನಿ ಸಾರ್. ಚರಂಡಿ ಬಾಯಿ ಹತ್ರ ನಿಂತ್ಕೊಳ್ಳಿ” ಎಂದ ಮಟ್ಟಣ್ಣ. ಪೈಪು ಈಗ ಗಾಡಿಯಿಂದ ಚರಂಡಿಗೆ ನೆಟ್ಟಗೆ ಇಳಿದಿತ್ತು. ಅವನು ಹೊಟ್ಟೆಯ ಮೇಲೆ ಬಿದ್ದು ತೆವಳಿ, ಕೆನ್ನೆಯನ್ನು ಮಣ್ಣಿಗೊತ್ತಿ, ಹಿಡಿಯನ್ನು ಎಳೆದ.

ಪೈಪು ಬೆಚ್ಚಿಬಿದ್ದಂತೆ ಕುಣಿಯಿತು. ಆಮೇಲೆ ಚರಂಡಿಯ ಬಾಯಿಯೊಳಗೆ ಧೋ ಎಂದು ಸದ್ದೆದ್ದಿತು. ನಿನ್ನೆಯಿಂದ ತಡೆದುಕೊಂಡಿದ್ದ ಸ್ನಾನ, ಸೋಪು, ಟೀ, ಕಲ್ಲಿದ್ದಲು ಎಲ್ಲವೂ ಒಟ್ಟಿಗೆ ದಡದಡನೆ ಇಳಿದು ಹೋಯಿತು. ಮೇಲ್ವಿಚಾರಕ ನೆಲಕ್ಕೆ ಬಗ್ಗಿ ಪೈಪಿನ ಉದ್ದಕ್ಕೂ ನೋಡಿದ.

“ಬತ್ತಿ ಹೋಯ್ತು!” ಒಳಗಿನಿಂದ ಮಾವನ ಆರ್ತನಾದ. “ಬುಗ್ಗೆ ಬತ್ತಿ ಹೋಯ್ತು ಅಳಿಯಂದಿರೇ!” ಎನ್ನುತ್ತ ಅವರು ಟವೆಲಿನಲ್ಲೇ ಹೊರಗೆ ಬಂದರು. ಬಂದದ್ದು ಓಡಿ.

ಮಟ್ಟಣ್ಣ ಎದ್ದು ನಿಂತ. ಮುಖದ ಒಂದು ಬದಿ ಪೂರ್ತಿ ಮಣ್ಣು. “ಮಾವ, ನಿಮ್ಮ ಸಾಧನೆಯಲ್ಲಿ ತಪ್ಪಿಲ್ಲ. ದತ್ತ ಒಂದು ತಪ್ಪಿತ್ತು, ಅದು ನಂದು. ಹೋಗೋ ನೀರು ಹೋಗಿರಲಿಲ್ಲ. ತಿರುಗಿ ಬಂದಿತ್ತು.”

ಅಧಿಕಾರಿ ಬಾಟಲಿಯನ್ನು ಬೆನ್ನ ಹಿಂದೆ ಮಾಡಿಕೊಂಡರು. ನರ್ಸಮ್ಮ ನಿಧಾನವಾಗಿ ತಮ್ಮ ಪಾದ ನೋಡಿಕೊಂಡರು. “ಅಂದ್ರೆ ನಾನು ಕಾಲಿಟ್ಟಿದ್ದು...?”

“ಲೋಟ ತೊಳೆದ ನೀರು ನರ್ಸಮ್ಮ” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು, ತಲೆ ತಗ್ಗಿಸದೆ. “ನೀವೇ ಕುಡಿದ ಲೋಟ.”

ಷಡ್ಡಕ ನಾಲಿಗೆ ಲೊಚಗುಟ್ಟಿದ. “ಛೆ ಛೆ ಛೆ, ಅಕ್ಕನ ಮಾನ...” ಎಂದು ರಾಗ ತೆಗೆದ. ಎಲ್ಲರೂ ಮಾವನ ಮುಖ ನೋಡಿದರು. ಮಾವ ಟವೆಲು ಬಿಗಿಮಾಡಿಕೊಂಡು ಕುಕ್ಕರಗಾಲಲ್ಲಿ ಕೂತರು. ಎದ್ದರು. ಮತ್ತೆ ಕೂತು, ಮತ್ತೆ ಎದ್ದರು.

“ನೋವಿಲ್ಲ” ಎಂದರು. “ಎಷ್ಟು ಎಣ್ಣೆ, ಎಷ್ಟು ಮಾತ್ರೆ, ಎಷ್ಟು ಡಾಕ್ಟರು! ನನ್ನ ಮಗಳು ಲೋಟ ತೊಳೆದ ನೀರಿಗೇ ಈ ಗುಣ ಇದ್ರೆ ನನಗೆ ಬುಗ್ಗೆ ಯಾಕಪ್ಪಾ ಬೇಕು? ಸಾಧಿಸಿದೆ!”

ಮೊದಲು ನಕ್ಕದ್ದು ನರ್ಸಮ್ಮ. ಅವರು ನಕ್ಕ ಮೇಲೆ ಉಳಿದವರಿಗೆ ಪರವಾನಗಿ ಸಿಕ್ಕಂತಾಯಿತು. ಹಿಮ್ಮಡಿ ಒಡೆದವನೊಬ್ಬ ತನ್ನ ಹಿಮ್ಮಡಿ ಇಷ್ಟು ಮೆತ್ತಗೆ ಯಾವತ್ತೂ ಆಗಿರಲಿಲ್ಲ ಎಂದು ಎತ್ತಿ ತೋರಿಸಿದ. ಮೇಲ್ವಿಚಾರಕ ನೆಲ ತಡವಿ ನೋಡಿ, “ಒಂದು ತೊಟ್ಟೂ ಬಿದ್ದಿಲ್ಲ. ನಿಯಮ ನಿಯಮವೇ” ಎಂದು ಗಂಭೀರವಾಗಿ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟ. ಅಧಿಕಾರಿ ಪ್ಯಾಂಟು ಬಿಚ್ಚಿ ಚಡ್ಡಿ ಹಾಕಿಕೊಳ್ಳಲು ತಮ್ಮ ಗಾಡಿಗೆ ಹೊರಟರು.

“ಅದೆಲ್ಲ ಸರಿ” ಎಂದ ಕೋಳಿ ಫಾರಂನವನು, ಇಷ್ಟು ಹೊತ್ತೂ ಹಗ್ಗ ಹಿಡಿದು ನಿಂತವನು. “ನಾನು ಇದನ್ನ ಎಳ್ಕೊಂಡು ಹೋಗ್ಲಾ?”

“ಹೋಗಿ ಹೋಗಿ, ಇವತ್ತೇ ಹೋಗಿ” ಎಂದ ಷಡ್ಡಕ.

ಹೆಂಡತಿ ಮೆಟ್ಟಿಲಿಳಿದು ಬಂದಳು. “ಒಂದ್ನಿಮಿಷ ಅಣ್ಣಾ. ಕೋಳಿಗೆ ಕಿಟಕಿ ಬೇಕಾ?”

“ಕೋಳಿಗೆ ಯಾಕಮ್ಮ ಅಷ್ಟು ದೊಡ್ಡ ಕಿಟಕಿ? ತಗಡು ಹೊಡೆದು ಮುಚ್ಚಿಬಿಡ್ತೀನಿ.”

“ಹಾಗಾದ್ರೆ ಇದು ಕೋಳಿಗಲ್ಲ” ಎಂದಳು. “ಕಿಟಕಿ ಬೇಕಾದೋಳು ನಾನು.” ಷಡ್ಡಕನ ಕಡೆ ತಿರುಗಿ, “ನೀವು ಆ ಫೋನನ್ನ ಒಳಗಿಟ್ಕೊಳ್ಳಿ. ಎಲ್ಲರೂ ಕೂತ್ಕೊಳ್ಳಿ. ಟೀ ಆಗುತ್ತೆ” ಎಂದಳು.

ಕೋಳಿ ಫಾರಂನವನು ತಲೆ ಕೆರೆದುಕೊಂಡ. ಮಟ್ಟಣ್ಣ ಅವನ ಎರಡೂ ಕೈ ಹಿಡಿದು ಕುಲುಕಿ ಮೆಟ್ಟಿಲ ಮೇಲೆ ಕೂರಿಸಿದ. ಟೀ ಬಂತು. ಕೋಳಿ ಫಾರಂನವನು ಒಂದು ಗುಟುಕು ಕುಡಿದು, ಎಳೆದ ಶ್ರಮ ಇದರಲ್ಲೇ ಚುಕ್ತಾ ಆಯಿತು ಎಂದ. ಇದ್ದ ಲೋಟಗಳೆಲ್ಲ ಸಿಂಕಿನಲ್ಲಿ ಗುಡ್ಡೆ ಬಿದ್ದವು. ಹೆಂಡತಿ ಒಳಗೆ ಹೋಗಿ ಕಿಟಕಿಯ ಎರಡೂ ಬಾಗಿಲು ತೆಗೆದು, ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಅವಳ ಕಣ್ಣು ಲೋಟದ ಮೇಲಿರಲಿಲ್ಲ, ಕೆರೆಯ ಮೇಲಿತ್ತು.

“ಹೋಗ್ತಿದೆಯಾ?” ಎಂದು ಅಲ್ಲಿಂದಲೇ ಕೂಗಿ ಕೇಳಿದಳು.

ಮಟ್ಟಣ್ಣ ಚರಂಡಿ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ನೀರು ಇಳಿಯುವ ಸದ್ದಿಗೆ ಅವನ ಕಣ್ಣಲ್ಲೂ ನೀರಿತ್ತು. “ಹೋಗ್ತಿದೆ!” ಎಂದು ಕೂಗಿದ. ಅವನ ಜೊತೆ ಮಾವ ಕೂಗಿದರು, ನರ್ಸಮ್ಮ ಕೂಗಿದರು, ಮೇಲ್ವಿಚಾರಕ, ಕೋಳಿಯಪ್ಪ, ಟವೆಲಿನವರೆಲ್ಲ ಕೂಗಿದರು.

ಸದ್ದು ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಇನ್ನೊಂದು ಲೋಟ ಎತ್ತಿಕೊಂಡು, ಇನ್ನೊಮ್ಮೆ ಕೇಳಿದಳು. “ಹೋಗ್ತಿದೆಯಾ?”

“ಹೋಗ್ತಿದೆ!” ಎಂದಿತು ಇಡೀ ಮೈದಾನ. ಈ ಸಲ ಷಡ್ಡಕನೂ ಕೂಗಿದ.